ಒಂದನೇ ಪಟ್ಟೆಯ ಗುಂಡಿ

ಟಾಂಪೆರೆ,
9 ಮೇ 1954

ಪ್ರೀತಿಯ ಸೈಮಿ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮೂರು ಸಲ ಉತ್ತರ ಬರೆದು ಮೂರನ್ನೂ ಒಲೆಗೆ ಹಾಕಿದೆ. ಮಗಳು ಇರ್ಯಾಗೆ ಓಟ ಕಲಿಸು ಎಂದು ಕೇಳಿದ್ದೀಯ. ನನ್ನ ಕೈಗೆ ಬಿಟ್ಟರೆ ನಿನಗೆ ಚಿಂತೆಯಿಲ್ಲವೆಂದೂ ಬರೆದಿದ್ದೀಯ. ಆ ಸಾಲು ನನ್ನನ್ನು ಮಲಗಲು ಬಿಡುತ್ತಿಲ್ಲ.

ಹೋದ ಶನಿವಾರ ನಮ್ಮ ಮನೆಯಲ್ಲಿ ಸೌನಾದ ಹಬೆಸ್ನಾನ ಮುಗಿಸಿ, ಕೂದಲು ಒರೆಸಿಕೊಳ್ಳುತ್ತ ನಿನ್ನ ಮಗಳು ಕೇಳಿದಳು, "ಚಿಕ್ಕಮ್ಮಾ, ನೀವೆಲ್ಲ ಓಡೋಕೆ ಮುಂಚೆ ನೆಲ ಅಗೀತಿದ್ರಂತೆ, ಆಲೂಗಡ್ಡೆ ನೆಡೋ ಹಾಗೆ?" ಈಗಿನವರಿಗೆ ಓಟ ಶುರು ಮಾಡುವಾಗ ಕಾಲೂರಲು ಮರದ ಕಟ್ಟೆಗಳು ಬಂದಿವೆ, ನಗುತ್ತಾರೆ. ನಾವು ಹತ್ತು ಗಂಟೆ ನೂಲಿನ ಯಂತ್ರದ ಮುಂದೆ ನಿಂತು, ಬ್ರೆಡ್ಡಿನ ತುಂಡು ಅಗಿಯುತ್ತಲೇ ಮೈದಾನಕ್ಕೆ ಓಡುತ್ತಿದ್ದೆವು. ಇಬ್ಬರಿಗೂ ಸೇರಿ ಒಂದೇ ಜೊತೆ ಮೊಳೆ ಬೂಟು, ಅದೂ ನಿನ್ನದು. ಗಾರೆ ಕೆಲಸದ ನನ್ನಪ್ಪನ ಕರಣೆಯಿಂದ ಬೂದಿ ಹಾಸಿದ ಹಾದಿಯಲ್ಲಿ ಕಾಲಿಗೊಂದರಂತೆ ಎರಡು ಗುಂಡಿ ತೋಡಿಕೊಳ್ಳುತ್ತಿದ್ದೆವು. ಓಟ ಮುಗಿದ ಮೇಲೆ ತೋಡಿದವರೇ ಬಂದು ಮುಚ್ಚಿ ತುಳಿಯಬೇಕಿತ್ತು.

ಮೂವತ್ತಾರನೇ ಇಸವಿಯಲ್ಲಿ ಹೆಲ್ಸಿಂಕಿಯ ಕ್ರೀಡಾಕೂಟಕ್ಕೆ ನಮ್ಮಲ್ಲಿ ಒಬ್ಬಳಿಗೇ ರಜೆ. "ಇಬ್ರೂ ಹೋದ್ರೆ ನೂಲು ಯಾರು ತೆಗೀತಾರೆ, ನಿಮ್ಮಜ್ಜಿನಾ?" ಎಂದಿದ್ದ ಗಿರಣಿಯ ಮೇಸ್ತ್ರಿ. ಯಾರಿಗೆಂದು ನಮ್ಮ ಮೈದಾನದ ಆಯ್ಕೆ ಓಟದಲ್ಲೇ ತೀರ್ಮಾನ. ನೂರು ಮೀಟರಿನಲ್ಲಿ ನಾನು ಹಾದಿಯ ಒಳಅಂಚಿನ ಒಂದನೇ ಪಟ್ಟೆಯಲ್ಲಿ ಓಡಿ ಎರಡನೆಯವಳಾದೆ. ಇನ್ನೂರರಲ್ಲಿ ನೀನು ಗೆದ್ದರೆ ರಜೆ ನಿನ್ನದು, ಇಲ್ಲದಿದ್ದರೆ ನನ್ನದು. ತಿರುವು ದಾಟುವಾಗ ನೀನು ನಾಲ್ಕು ಹೆಜ್ಜೆ ಮುಂದಿದ್ದೆ. ಅಲ್ಲಿಯೇ, ನೇರ ಹಾದಿ ಶುರುವಾಗುವಲ್ಲಿ, ನನ್ನ ನೂರು ಮೀಟರಿನ ಗುಂಡಿ ಬಾಯಿ ತೆರೆದುಕೊಂಡಿತ್ತು. ನಿನ್ನ ಕಾಲು ಮುರಿದ ಸದ್ದು ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ, ಮುಚ್ಚೋದು ಮರೆತೇ ಹೋಯ್ತು ಕಣೇ ಎಂದು ನಾನು ಅತ್ತೆ. "ಅಳಬೇಡ್ವೇ, ಓಡಿ ಬಂದ ಉಸಿರಲ್ಲಿ ಯಾರಿಗೆ ನೆನಪಿರುತ್ತೆ? ಬೂಟು ತಗೊಂಡು ಹೋಗು, ನನ್ನ ಪಾಲಿಂದೂ ಓಡಿ ಬಾ" ಎಂದೆ ನೀನು. ಹೋದೆ. ಆರನೆಯವಳಾಗಿ ಬಂದೆ. ಹದಿನೆಂಟು ವರ್ಷದಿಂದ ನೀನು ಕುಂಟುತ್ತ ಯಂತ್ರದ ಮುಂದೆ ನಿಲ್ಲುತ್ತಿದ್ದೀಯ, ಒಂದು ದಿನವೂ ನನ್ನನ್ನು ದೂರಿಲ್ಲ.

ಇರ್ಯಾ ಚೆನ್ನಾಗಿ ಓಡುತ್ತಾಳೆ, ನಿನ್ನ ಹಾಗೆಯೇ ತಿರುವಿನಲ್ಲಿ ವೇಗ ಕಳೆದುಕೊಳ್ಳುವುದಿಲ್ಲ. ಆದರೆ ನನಗೀಗ ಮೊಣಕಾಲು ನೋವು, ಮೈದಾನದಲ್ಲಿ ನಿಲ್ಲಲಾಗುವುದಿಲ್ಲ. ಬೇರೆ ಯಾರನ್ನಾದರೂ ನೋಡು. ಬೇಜಾರು ಮಾಡಿಕೊಳ್ಳಬೇಡ.

ನಿನ್ನ,
ಲೆಂಪಿ

ಮರುಬರಹ: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಆ ದಿನ ಒಂದು ಗುಂಡಿಯನ್ನು ಮುಚ್ಚಿ, ತುಳಿದು, ಗಟ್ಟಿ ಮಾಡಿದ್ದೆ. ಅಷ್ಟರಲ್ಲಿ ಇನ್ನೂರು ಮೀಟರಿನ ಹೆಸರು ಕೂಗಿದರು. ನಿನಗೂ ಒಂದನೇ ಪಟ್ಟೆ. ಕರಣೆ ಕೈಯಲ್ಲೇ ಇತ್ತು. ಎರಡನೇ ಗುಂಡಿಯನ್ನು ನೋಡಿದೆ, ಎದ್ದು ಬಂದುಬಿಟ್ಟೆ. ನಾನು ಮರೆತಿರಲಿಲ್ಲ, ಸೈಮಿ. ಈಗ ಹೇಳು, ಇರ್ಯಾಳನ್ನು ಈ ಕೈಗೆ ಬಿಡುತ್ತೀಯಾ?