ದಂಡೆ ದೇಶದ್ದು ಅಂದಿದ್ದೆ ನೀನು

ಅಪ್ಪಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕಿತ್ತು. ಸುಳ್ಳು ಬರೆಯಲು ಕೈ ಬರಲಿಲ್ಲ. ನೀನು ತೀರಿಹೋದಮೇಲೆ ಇಷ್ಟು ವರ್ಷ ಒಂದು ಸಾಲೂ ಬರೆಯದವಳು ಇವತ್ತು ಕುಳಿತಿದ್ದಾಳೆ ಅಂದರೆ ವಿಷಯ ಸಣ್ಣದಲ್ಲ ಅಂತ ನಿನಗೆ ಗೊತ್ತಾಗಿರುತ್ತದೆ. ನೇರವಾಗಿ ಹೇಳಿಬಿಡುತ್ತೇನೆ. ಆಯಿಯ ಮೇಲೆ ಕೇಸಾಗಿದೆ. ಹೌದು, ನಿನ್ನ ಹೆಂಡತಿಯ ಮೇಲೆಯೇ. ಹೊನ್ನಾವರದ ಪೇಟೆಯಲ್ಲಿ ಪೊಲೀಸ್ ಜೀಪು ಕಂಡರೆ ಸೆರಗು ಸರಿಮಾಡಿಕೊಂಡು ಬದಿಗೆ ನಿಲ್ಲುತ್ತಿದ್ದ ಹೆಂಗಸು ಈಗ ಸರಕಾರಿ ಅಧಿಕಾರಿಯ ಮೇಲೆ ಹಲ್ಲೆ ಮಾಡಿದ ಆರೋಪಿ. ನಗು ಬರುತ್ತದಾ? ನನಗೂ ಮೊದಲು ನಗುವೇ ಬಂದಿತ್ತು.

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾಗುವ ದಿನಗಳಲ್ಲಿ ನೀನು ದೋಣಿಯ ಹುಟ್ಟನ್ನು ಹೆಗಲಿಗೇರಿಸಿ ದಂಡೆಗೆ ಹೊರಡುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಳೆಗಾಲದ ಕಡಲು ದಂಡೆಯನ್ನು ತನಗೆ ಬೇಕಾದ ಹಾಗೆ ತಿದ್ದಿಟ್ಟಿರುತ್ತಿತ್ತು, ಹೋದ ವರ್ಷದ ಗುರುತು ಒಂದೂ ಉಳಿದಿರುತ್ತಿರಲಿಲ್ಲ. ಯಾವ ಮನೆಯವರು ಎಲ್ಲಿ ಮೀನು ಒಣಗಿಸಬೇಕು ಎಂದು ಹೊಸದಾಗಿ ಹಂಚುವುದು ಕೇರಿಯ ಬುಧವಂತನ ಕೆಲಸ. ನಮ್ಮ ಕೇರಿಗೆ ಆ ಹಿರಿತನ ನಿನ್ನದಾಗಿತ್ತು. ಹುಟ್ಟಿನ ತುದಿಯನ್ನು ಮರಳಿಗೆ ಊರಿ ಎಳೆಯುತ್ತ ಹೋಗುತ್ತಿದ್ದೆ. ಗೆರೆ ಸ್ವಲ್ಪ ಸೊಟ್ಟಗಾದರೂ ಹೆಂಗಸರು ಬಿಡುತ್ತಿರಲಿಲ್ಲ, "ಬುಧವಂತ್ರೇ, ಬೆಳಿಗ್ಗೆ ಬೆಳಿಗ್ಗೆ ಎಂತ ಕುಡ್ದು ಬಂದ್ರಿ?" ಅನ್ನುತ್ತಿದ್ದರು. ಗಂಡ ಇಲ್ಲದವರಿಗೆ ಬಾವಿಯ ಹತ್ತಿರದ ಒಳ್ಳೆಯ ತುಂಡು ಮೊದಲು. ನಮ್ಮ ಮನೆಯದ್ದು ಕಟ್ಟಕಡೆಗೆ, ಅದೂ ನಾಯಿಗಳು ಓಡಾಡುವ ಕಡೆಗೇ ಬೀಳುತ್ತಿತ್ತು. ಆಯಿ ಅದಕ್ಕೆ ನಿನ್ನನ್ನು ವಾರಗಟ್ಟಲೆ ಬಯ್ಯುತ್ತಿದ್ದಳು. ಆದರೆ ನೀನೆಳೆದ ಗೆರೆ ದಾಟಿ ಯಾರೂ ಒಂದು ತಾರ್ಲೆ ಮೀನನ್ನೂ ಪಕ್ಕದವರ ಜಾಗಕ್ಕೆ ಹಾಕಿದ್ದನ್ನು ನಾನು ನೋಡಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಶಾನುಭೋಗರು ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಹೇಳಿದ್ದು ನೆನಪಿದೆಯಾ? "ನೀವೆಲ್ಲ ಸೇರಿ ಒಂದು ಅರ್ಜಿ ಕೊಡಿ. ಅಜ್ಜನ ಕಾಲದಿಂದ ಮೀನು ಒಣಗಿಸ್ತಾ ಇದ್ರಿ. ದಾಖಲೆಯಲ್ಲಿ ನಿಮ್ಮ ಹೆಸ್ರು ಬಂದ್ರೆ ಮುಂದೆ ಒಳ್ಳೇದು." ಪಾಪ, ಒಳ್ಳೆಯ ಮನುಷ್ಯ. ನೀನು ಅವರಿಗೆ ಚಾ ಕೊಡಿಸಿ ನಗುತ್ತಲೇ ಅಂದೆ, "ದಂಡೆ ದೇಶದ್ದು ಶಾನುಭೋಗ್ರೇ. ಅದ್ಕೆ ನಮ್ಮ ಹೆಸ್ರು ಹಾಕ್ಸ್ಕಂಡ್ರೆ ಕಳ್ತನ ಮಾಡ್ದಂಗೆ ಆತು. ಇವತ್ತು ಹೆಸ್ರು, ನಾಳೆ ಮಾರಾಟ." ಕೇರಿಯವರೆಲ್ಲ ತಲೆಯಾಡಿಸಿದರು. ನಿನ್ನ ಮಾತಿಗೆ ಎದುರಾಡುವವರು ಯಾರಿದ್ದರು? ದೇಶದ್ದು ಅಂದರೆ ಎಲ್ಲರದ್ದು ಅಂತ ನೀನು ತಿಳಿದಿದ್ದೆ. ದೇಶದ್ದು ಅಂದರೆ ಸರಕಾರದ್ದು, ಸರಕಾರದ್ದು ಅಂದರೆ ಅದು ಯಾರಿಗೆ ಬೇಕಾದರೂ... ಅಷ್ಟು ದೂರಕ್ಕೆ ನಿನ್ನ ಯೋಚನೆ ಹೋಗಲೇ ಇಲ್ಲ. ನಿನ್ನಂಥವರನ್ನು ಆಳುವುದು ಎಷ್ಟು ಸುಲಭ ಅಪ್ಪಾ!

ಭಟ್ಕಳದ ಇಸ್ಮಾಯಿಲ್ ಸಾಹೇಬರನ್ನು ನೀನು ಎಷ್ಟು ಗೋಳುಹೊಯ್ದುಕೊಂಡಿದ್ದೆ! ನಮ್ಮ ಒಣಮೀನು ಕೊಳ್ಳಲು ಟೆಂಪೊ ತರುತ್ತಿದ್ದ ಅವರ ಸೀಟಿನ ಕೆಳಗೆ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲ. ಅದರ ತುಂಬ ಕಾಗದಪತ್ರ. ಜಮೀನಿನ ಪಹಣಿ, ಹಳೆಯ ರೇಶನ್ ಕಾರ್ಡು, ಅವರಪ್ಪನ ಶಾಲೆಯ ಸರ್ಟಿಫಿಕೇಟು. "ಮೀನು ತಕಂಬೂಕೆ ಜಾತಕ ಎಂತಕ್ಕೆ ಸಾಹೇಬ್ರೇ?" ಅಂತ ನೀನು ಕೆಣಕಿದರೆ ಅವರು ಸಿಟ್ಟಾಗುತ್ತಿರಲಿಲ್ಲ. "ನಿಮ್ಗೆ ಯಾರೂ ಕೇಳೂದಿಲ್ಲ ಬುಧವಂತ್ರೇ. ನಮ್ಗೆ ಕೇಳ್ತಾರೆ," ಅನ್ನುತ್ತಿದ್ದರು. ಅವರು ಸುಮ್ಮನೆ ಹೆದರುತ್ತಾರೆ ಅಂತ ನೀನು ಅವರು ಹೋದಮೇಲೆ ನಮ್ಮೆದುರು ಹೇಳುತ್ತಿದ್ದೆ. ನಾವೂ ನಂಬಿದೆವು. ಇನ್ನೊಬ್ಬರನ್ನು ಕೇಳುವ ಪ್ರಶ್ನೆ ನಮ್ಮ ಬಾಗಿಲಿಗೆ ಬರುವುದಿಲ್ಲ ಎಂಬ ಧೈರ್ಯ ನಮಗೆ ಎಲ್ಲಿಂದ ಬಂದಿತ್ತೋ.

ಆ ಪ್ರಶ್ನೆ ಬಂದದ್ದು ಒಂದು ಸೋಮವಾರ, ಜೆಸಿಬಿಯ ಜೊತೆಗೆ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಬಂದರು ಕಟ್ಟುತ್ತಾರಂತೆ, ಅದರ ಲಾರಿಗಳಿಗೆ ದಂಡೆಯ ಮೇಲೆಯೇ ರಸ್ತೆ ಬೇಕಂತೆ. ಶಾಲೆಗೆ ರಜೆ ಹಾಕಿ ನಾನೂ ಹೋಗಿದ್ದೆ, ಆಯಿಯ ಪಕ್ಕದಲ್ಲೇ ನಿಂತಿದ್ದೆ. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವ. "ಜಾಗ ನಿಮ್ದು ಅನ್ನೂದಕ್ಕೆ ದಾಖಲೆ ಏನಿದೆ?" ಅಂತ ಕೇಳಿದ. ಆಗ ಆಯಿ ಮನೆಯೊಳಗೆ ಹೋಗಿ ನಿನ್ನ ಹುಟ್ಟು ತಂದಳು. ಜೆಸಿಬಿಯ ಮುಂದೆ ಮರಳಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು. "ಇದೇ ದಾಖಲೆ. ಈಚೆಗೆ ಬರೂದು ಬೇಡ," ಅಂದಳು. ಅವ ನಕ್ಕ. ಗಾಡಿ ಮುಂದಕ್ಕೆ ಬಂತು, ಗೆರೆ ಹೋಯಿತು, ಹಾಸಿದ್ದ ಬಂಗಡೆ ಚಕ್ರದಡಿಗೆ ಹೋಯಿತು. ಆಯಿ ಹುಟ್ಟನ್ನು ಕೆಳಗೆ ಹಾಕಿ ಒಂದು ಮುಷ್ಟಿ ಮರಳು ತೆಗೆದು ಅವನತ್ತ ಎಸೆದಳು. ಆಗಿದ್ದು ಇಷ್ಟೇ. ಪೊಲೀಸರ ಕಾಗದದಲ್ಲಿ ಮಾತ್ರ ಅವಳು ಹುಟ್ಟಿನಿಂದ ಅವನ ಭುಜಕ್ಕೆ ಹೊಡೆದಿದ್ದಾಳೆ. ನೀನು ಗೆರೆ ಎಳೆಯುತ್ತಿದ್ದ ಹುಟ್ಟು ಈಗ ಠಾಣೆಯ ಮೂಲೆಯಲ್ಲಿದೆ, ಮಾರಕಾಸ್ತ್ರ ಅಂತ ಚೀಟಿ ಕಟ್ಟಿಸಿಕೊಂಡು.

ಜಾಮೀನಿಗೆ ಹೋದ ದಿನ ನಮ್ಮ ಮಾನ ಇನ್ನಷ್ಟು ಹೋಯಿತು. ಜಾಮೀನು ನಿಲ್ಲುವವರ ಹೆಸರಿನಲ್ಲಿ ಪಹಣಿ ಇರಬೇಕು ಎಂದರು ವಕೀಲರು. ಇಡೀ ಕೇರಿ ಕೋರ್ಟಿನ ಹೊರಗೆ ನಿಂತಿತ್ತು. ಒಬ್ಬರ ಹೆಸರಲ್ಲೂ ಒಂದು ಗುಂಟೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಂದವರು ಇಸ್ಮಾಯಿಲ್ ಸಾಹೇಬರು, ಅದೇ ಚೀಲದೊಂದಿಗೆ. ಈಗ ಅವರಿಗೆ ಕೋಲಿಲ್ಲದೆ ನಡೆಯಲು ಆಗುವುದಿಲ್ಲ. ಪಹಣಿ ಕೊಟ್ಟು, ಹೆಬ್ಬೆಟ್ಟು ಒತ್ತಿ ಹೊರಗೆ ಬಂದವರ ಎದುರು ಆಯಿ ಕೈಮುಗಿದು ಅತ್ತಳು. "ಅಳೂದು ಎಂತಕ್ಕೆ ತಂಗಿ? ನಮ್ಗೆ ಇದೆಲ್ಲ ರೂಢಿ ಉಂಟು," ಅಂದರು. ಆ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಸ್ವಾತಂತ್ರ್ಯ ದಿನದ ಬೆಳಿಗ್ಗೆ ನೀನು ಮಡಿ ಬಟ್ಟೆ ಉಟ್ಟು ದೋಣಿಗೆ ಬಾವುಟ ಕಟ್ಟುತ್ತಿದ್ದೆ. ರೇಡಿಯೊದಲ್ಲಿ ರಾಷ್ಟ್ರಗೀತೆ ಬಂದರೆ ಅರ್ಧ ಹೊಲಿದ ಬಲೆಯನ್ನು ಕೈಯಲ್ಲಿ ಹಿಡಿದೇ ಎದ್ದು ನಿಲ್ಲುತ್ತಿದ್ದೆ. ಗುರುತಿಲ್ಲದ ದೋಣಿ ಕಂಡರೆ ತಿಳಿಸಿ ಎಂದು ಪೊಲೀಸರು ಹೇಳಿದ್ದೇ ತಡ, ನಿನಗೆ ಬಲೆಗಿಂತ ದೂರದ ನೀರಿನ ಮೇಲೇ ಕಣ್ಣು. "ಸಂಬಳ ಎಷ್ಟು ಕೊಡ್ತ್ರಂತೆ?" ಅಂತ ಆಯಿ ಚುಚ್ಚಿದರೆ "ದೇಶದ ಕೆಲ್ಸಕ್ಕೆ ಸಂಬಳ ಕೇಳೂದಾ?" ಅಂತ ಗದರಿಸುತ್ತಿದ್ದೆ. ಕಡಲು ಕಾಯಲು ನಮ್ಮ ಹತ್ತಿರ ದಾಖಲೆ ಯಾರೂ ಕೇಳಲಿಲ್ಲ. ದಂಡೆಯಲ್ಲಿ ಕೂರಲು ಕೇಳಿದರು. ಈಗ ಪೇಟೆಯಲ್ಲಿ ನಮ್ಮನ್ನು ನೋಡಿ ಕೆಲವರು ದೇಶದ್ರೋಹಿಗಳು ಅನ್ನುತ್ತಾರೆ ಗೊತ್ತಾ? ಅದನ್ನು ಕೇಳಲು ನೀನು ಇಲ್ಲವಲ್ಲ, ಅದೊಂದೇ ಸಮಾಧಾನ.

ನನ್ನ ಸುದ್ದಿಯನ್ನೂ ಹೇಳಬೇಕು. ಕುಮಟಾದ ಶಾಲೆಗೆ ನನಗೂ ಒಂದು ನೋಟಿಸು ಬಂತು: ಸರಕಾರಿ ನೌಕರಳಾಗಿ ಸರಕಾರದ ವಿರುದ್ಧದ ಗಲಾಟೆಯಲ್ಲಿ ಯಾಕೆ ಇದ್ದಿರಿ, ಉತ್ತರಿಸಿ. ಹೆಡ್ ಮಾಸ್ತರರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದರು, "ಟೀಚರ್, ಎರಡು ಸಾಲು ಗೀಚಿ ಕೊಟ್ಬಿಡಿ. ನಾನು ಅಲ್ಲಿ ಇರ್ಲಿಲ್ಲ, ಯಾರೋ ತಪ್ಪು ಹೇಳಿದ್ದಾರೆ ಅಂತ. ಅವ್ರಿಗೂ ಅಷ್ಟೇ ಸಾಕು." ಪಕ್ಕದ ಕೋಣೆಯ ಟೀಚರು "ಸರಕಾರದ ಅನ್ನ ತಿಂದು..." ಅಂತ ಅರ್ಧಕ್ಕೇ ನಿಲ್ಲಿಸಿದರು. ಆದರೆ ನಮ್ಮ ವಕೀಲರು ಬೇರೆಯೇ ಹೇಳಿದ್ದರು. ಹುಟ್ಟು ಕೆಳಗೆ ಬಿದ್ದ ಮೇಲೆ ಆಯಿ ಮರಳು ಎಸೆದಳು ಎಂಬುದನ್ನು ಹತ್ತಿರದಿಂದ ಕಂಡವಳು ನಾನೊಬ್ಬಳೇ. ಅಲ್ಲಿ ಇರಲಿಲ್ಲ ಅಂತ ಬರೆದುಕೊಟ್ಟರೆ ಆಯಿಗೆ ಸಾಕ್ಷಿ ಇಲ್ಲ. ಇದ್ದೆ ಅಂತ ಬರೆದರೆ ನನಗೆ ಕೆಲಸ ಇಲ್ಲ.

ಎಷ್ಟೋ ದಿನ ಒದ್ದಾಡಿದೆ. ರಾಷ್ಟ್ರಗೀತೆ ಎಲ್ಲಿ ಕೇಳಿದರೂ ನಾನು ಇವತ್ತಿಗೂ ಕೈಯ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ ಅಪ್ಪಾ. ಅದು ನಿನ್ನಿಂದ ಬಂದದ್ದು, ಹೋಗುವಂಥದ್ದಲ್ಲ. ಈ ದೇಶದ ಮೇಲೆ ನನಗೆ ಮುನಿಸಿಲ್ಲ. ಈ ಕಡಲು, ಈ ಮಂದಿ, ಕೋಲೂರಿಕೊಂಡು ಭಟ್ಕಳದಿಂದ ಬಂದ ಆ ಮುದುಕ, ಇದನ್ನೆಲ್ಲ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಆದರೆ ಸರಕಾರ ಬಾಯಿತೆರೆದರೆ ನಾನು ಒಂದು ಅಕ್ಷರವನ್ನೂ ನಂಬುವುದಿಲ್ಲ. ನಿನ್ನ ನಂಬಿಕೆಯನ್ನೇ ಬಳಸಿಕೊಂಡು ಅದು ನಿನ್ನ ಹೆಂಡತಿಯನ್ನು ಆರೋಪಿ ಮಾಡಿತು. ಅದನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ.

ಕೊನೆಗೆ ಬರೆದುಕೊಟ್ಟೆ: ನಾನು ಅಲ್ಲಿದ್ದೆ, ಎಲ್ಲವನ್ನೂ ನೋಡಿದೆ, ಕೋರ್ಟಿನಲ್ಲಿ ಹೇಳುತ್ತೇನೆ. ಮೊನ್ನೆ ಅಮಾನತಿನ ಆದೇಶ ಬಂತು. ಆಯಿಗೆ ಹೇಳಿದಾಗ ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಟ್ಟಲನ್ನು ನನ್ನ ಮುಂದೆ ಸರಿಸಿ, "ಊಟ ಮಾಡು, ಆರ್ತದೆ," ಅಂದಳು.

ಇನ್ನೊಂದು ವಿಷಯ ಉಳಿದಿದೆ. ದಂಡೆಯ ಮೇಲೆ ಡಾಂಬರು ಹಾಕಿ ಮುಗಿದಿದೆ, ಕೇರಿಯ ಹೆಂಗಸರು ಆ ರಸ್ತೆಯ ಮೇಲೆಯೇ ಮೀನು ಹಾಸತೊಡಗಿದ್ದಾರೆ. ಲಾರಿಗಳು ಹಾರ್ನ್ ಹೊಡೆಯುತ್ತವೆ, ಇವರು ಏಳುವುದಿಲ್ಲ. ಆಯಿ ಅತ್ತ ಕಾಲಿಡಬಾರದು ಎಂಬುದು ಜಾಮೀನಿನ ಷರತ್ತು, ಹಾಗಾಗಿ ನಮ್ಮ ಮನೆಯ ಜಾಗ ಒಂದೇ ಖಾಲಿ ಬಿದ್ದಿದೆ. ನನ್ನ ಮೇಲೆ ಅಂಥ ಷರತ್ತು ಇನ್ನೂ ಯಾರೂ ಹಾಕಿಲ್ಲ. ಮಗಳ ತಲೆಯ ಮೇಲೆ ಮೀನಿನ ಬುಟ್ಟಿ ಬರಬಾರದು ಅಂತ ನೀನು ಹಠಹಿಡಿದು ನನ್ನನ್ನು ಓದಿಸಿದೆ. ಸಿಟ್ಟಾಗಬೇಡ ಅಪ್ಪಾ, ನಾಳೆ ಬೆಳಿಗ್ಗೆ ಹೊರುತ್ತೇನೆ.

ನಿನ್ನ ಮಗಳು