ಒಂದು ಗಂಟೆಯ ದಾರಿ

ಮಾರ್ಚ್ 17, ಸಂಜೆ. ದುಶಾನ್ಬೆ, ತಂಗಿಯ ಮನೆ

ಕಣ್ಣಿಗೆ ಹನಿ ಹಾಕಿಕೊಂಡಾಯಿತು. ಆಪರೇಷನ್ ಆದ ಎಡಗಣ್ಣಿಗೆ ಇನ್ನೂ ಪಟ್ಟಿ. ಸಾಲು ಓರೆಯಾದರೆ ಆಗಲಿ.

ಬೆಳಿಗ್ಗೆ ಒಂಬತ್ತಕ್ಕೆ ನಮ್ಮೂರು ಖೋರೋಗ್‌ನಲ್ಲಿ ಮೊಮ್ಮಗಳು ಹುಟ್ಟಿದಳು! ಖುಷಿಪಡುವಷ್ಟರಲ್ಲಿ ಮಗ ಕಿಮತ್‌ಶೊನ ಎರಡನೇ ಫೋನು. ತಾಯಿ ಮಗುವಿನ ರಕ್ತ ಹೊಂದುವುದಿಲ್ಲವಂತೆ. ಮೂರು ದಿನದೊಳಗೆ ಸೊಸೆ ಸವ್ಸಾನ್‌ಗೆ ಒಂದು ಇಂಜೆಕ್ಷನ್ ಆಗಬೇಕು. ತಪ್ಪಿದರೆ ಮುಂದಿನ ಮಗು ಉಳಿಯುವುದು ಕಷ್ಟ. ಔಷಧಿ ಅಲ್ಲಿಲ್ಲ. ಇಲ್ಲಿ ಅಂಗಡಿ ಅಂಗಡಿ ಅಲೆದು ತಂದೆ. ಒಂದೇ ಸೀಸೆ. ಬಟ್ಟೆ ಸುತ್ತಿ, ಐಸ್ ಹಾಕಿದ ಥರ್ಮಾಸ್‌ನಲ್ಲಿಟ್ಟು ಮಡಿಲಲ್ಲಿ ಇಟ್ಟುಕೊಂಡಿದ್ದೇನೆ.

ನಮ್ಮೂರ ಜೀಪಿನ ಮಮದ್‌ಶೊ ಹೊರಟು ನಿಂತಿದ್ದ.

"ಕೊಡಿ ಅಜ್ಜಿ. ನಾಳೆ ರಾತ್ರಿ ಊಟದ ಹೊತ್ತಿಗೆ ಅಲ್ಲಿರತ್ತೆ."

"ಹೋದ ಸಲ ನನ್ನ ಏಪ್ರಿಕಾಟ್ ಚೀಲ ದಾರೀಲಿ ಕಳೆದವನು ನೀನು."

"ಕಳೀಲಿಲ್ಲ ಅಜ್ಜಿ, ತಿಂದೆ. ಇಂಜೆಕ್ಷನ್ ತಿನ್ನೋಕಾಗತ್ತಾ?"

ಕೊಡಲಿಲ್ಲ. ಕಿಮತ್‌ಶೊ ಆದ ಮೇಲೆ ಮೂರು ಹೆತ್ತೆ. ಮೂರೂ ಮಣ್ಣಿಗೆ. ಇಂಥದೊಂದು ಔಷಧಿ ಇದೆ ಅಂತ ಆಗ ಯಾರು ಹೇಳಿದ್ದರು... ಇದನ್ನು ನನ್ನ ಕೈಯಾರೆ ಒಯ್ಯಬೇಕು. ರಸ್ತೆ ಧೂಳು ಕಣ್ಣಿಗಾಗದು. ವಿಮಾನವಾದರೆ ಒಂದು ಗಂಟೆ. ನಾಳೆ ಬೆಳಿಗ್ಗೆ ಏಳಕ್ಕೆ.

ಮಾರ್ಚ್ 18

ಹಾರಲಿಲ್ಲ. ಇಲ್ಲಿ ಚೆಂದ ಬಿಸಿಲು. ಮೋಡ ಇರುವುದು ಅಲ್ಲಿ, ಕಣಿವೆಯಲ್ಲಿ. ಪೈಲಟ್‌ಗೆ ಬೆಟ್ಟ ಕಣ್ಣಿಗೆ ಕಾಣಬೇಕು.

ಐಸ್ ಬದಲಿಸಿದೆ. "ಅದನ್ನ ಕೆಳಗಿಟ್ಟು ಊಟ ಮಾಡೇ, ಮಾರಾಯ್ತಿ" ಅಂದಳು ತಂಗಿ. ಇಡಲಿಲ್ಲ.

ಮಾರ್ಚ್ 19, ಮಧ್ಯಾಹ್ನ

ಹಾರಿತು. ಎರಡೂ ಕಡೆ ಹಿಮದ ಬೆಟ್ಟ, ರೆಕ್ಕೆಗಿಂತ ಎತ್ತರ. ಅರ್ಧ ಗಂಟೆಗೆ ರುಶಾನ್ ಬೆಟ್ಟದ ಸಂದು. ಮೋಡ ಅದನ್ನು ಮುಚ್ಚಿಬಿಟ್ಟಿತ್ತು. ವಿಮಾನ ವಾಲಿತು. ಈ ಕಿಟಕಿಯಲ್ಲಿದ್ದ ಬಿಸಿಲು ಆ ಕಿಟಕಿಗೆ ಹೋಯಿತು. ತಿರುಗಿದ್ದೇವೆ ಅಂತ ಎಲ್ಲರಿಗೂ ತಿಳಿಯಿತು. ಒಂದು ಗಂಟೆ ಹಾರಿ, ಹೊರಟಲ್ಲೇ ಇಳಿದೆವು.

ಮಮದ್‌ಶೊ ನಿನ್ನೆ ರಾತ್ರಿಯೇ ಮುಟ್ಟಿದನಂತೆ. ಫೋನಿನಲ್ಲಿ ಒಂದೂ ಚೇಷ್ಟೆಯ ಮಾತಾಡಲಿಲ್ಲ ಅವನು. ಬೈದಿದ್ದರೆ ಚೆನ್ನಾಗಿತ್ತು.

ಈಗ ಜೀಪು ಹತ್ತಿದರೂ ಮುಟ್ಟುವುದು ನಾಳೆ ಮಧ್ಯಾಹ್ನ. ಗಡುವು ಬೆಳಿಗ್ಗೆ ಒಂಬತ್ತಕ್ಕೆ. ನಾಳಿನ ವಿಮಾನ ಬಿಟ್ಟರೆ ಬೇರೆ ಗತಿಯಿಲ್ಲ.

ಮಾರ್ಚ್ 20, ಬೆಳಿಗ್ಗೆ 7.15. ವಿಮಾನ ನಿಲ್ದಾಣದ ಹೊರಗಿನ ಬೆಂಚು

ಏಳಕ್ಕೆ ಹಾರಿತು. ನಾನು ಇಲ್ಲಿದ್ದೇನೆ.

ಗಾಳಿ ಜೋರು, ಭಾರ ಇಳಿಸಬೇಕು ಅಂತ ಕೊನೆಯ ಮೂವರನ್ನು ಬಿಟ್ಟರು. ನಾನೂ ಒಬ್ಬಳು. ಅತ್ತುಬಿಟ್ಟೆ. ಔಷಧಿ ಮುಟ್ಟಬೇಕು ಅಂತ ಕೂಗಿದೆ. ಸಾಲಿನಲ್ಲಿ ಮುಂದಿದ್ದ ಹುಡುಗ, ಕೆಂಪು ಕಸೂತಿಯ ಟೋಪಿಯವನು, ಹಿಂದೆ ಬಂದ.

"ಔಷಧಿಗೆ ಸೀಟು ಯಾಕೆ ಅಜ್ಜಿ? ನನ್ನ ಮಡಿಲಿದೆ."

"ನೀನು ಯಾರ ಮಗನೋ ಏನೋ..."

"ಇವತ್ತು ಮಧ್ಯಾಹ್ನ ನನ್ನ ಮದುವೆ. ನಾನು ಮುಟ್ಟದಿದ್ರೆ ಹುಡುಗಿ ಅಪ್ಪ ನನ್ನ ತೊಗಲು ಸುಲೀತಾನೆ. ನಿಮಗಿಂತ ನನಗೇ ಅವಸರ."

ಮೂರು ದಿನ ಬಿಡದ ಥರ್ಮಾಸ್ ಕೊಟ್ಟೆ. ನನ್ನ ಬೆರಳು ಬಿಡಿಸಿದ್ದು ಅವನೇ. ನಮ್ಮ ಕಡೆಯ ರೀತಿಯಂತೆ ಅವನ ಕೈಗೆ ಮುತ್ತಿಟ್ಟೆ. ಅವನೂ ನನ್ನ ಕೈಗೆ ಇಟ್ಟ. ಹೆಸರು ಕೇಳಲಿಲ್ಲ. ಟೋಪಿಯ ಗುರುತು ಮಗನಿಗೆ ಹೇಳಿದ್ದೇನೆ.

7.30

ಈಗ ಆ ಸಂದಿನಲ್ಲಿರಬೇಕು. ದಾಟಿದರೆ ಎಂಟಕ್ಕೆ ಅಲ್ಲಿ. ತಿರುಗಿದರೂ ಎಂಟಕ್ಕೇ, ಇಲ್ಲಿ. ಎಂಟಕ್ಕೆ ಒಂದೋ ಫೋನು, ಇಲ್ಲವೇ ತಲೆಯ ಮೇಲೆ ಸದ್ದು.

7.55

ಸದ್ದು! ...ಅಲ್ಲ. ಲಾರಿ.

8.05

ಆಕಾಶ ಖಾಲಿ. ಫೋನೂ ಇಲ್ಲ. ಇದಕ್ಕೇನರ್ಥ? ಎರಡೂ ಇಲ್ಲದೆ ಇರಬಹುದು ಅಂತ ನಾನು ಯೋಚಿಸಿರಲಿಲ್ಲ. ದೇವರೇ, ಆ ಹುಡುಗನ ಮದುವೆ—

8.10

ಕಿಮತ್‌ಶೊ! ಫೋನು ಕಿವಿಯಲ್ಲಿಟ್ಟೇ ಬರೆಯುತ್ತಿದ್ದೇನೆ.

"ಅಮ್ಮಾ, ಬಂತು! ಇಳೀತಿದಾರೆ... ಕೆಂಪು ಟೋಪಿ ಅಲ್ವಾ? ಕಂಡ. ಪೆಟ್ಟಿಗೆ ಗಿಟ್ಟಿಗೆ ಏನೂ ಇಲ್ಲಮ್ಮ ಕೈಲಿ. ಥರ್ಮಾಸ್ ಅವಚ್ಕೊಂಡು, ಬಾಣಂತಿ ಮಗು ಹಿಡಿದ ಹಾಗೆ ಒಂದೊಂದೇ ಮೆಟ್ಲು... ಮಮದ್‌ಶೊ ಜೀಪು ಸ್ಟಾರ್ಟ್ ಮಾಡಿ ನಿಂತಿದಾನೆ, ಅಮ್ಮಾ, ಆಸ್ಪತ್ರೆಗೆ ಹತ್ತೇ ನಿಮಿಷ, ಇಡ್ತೀನಿ—"

ಇಟ್ಟ. ಹತ್ತು ನಿಮಿಷ. ಮಡಿಲು ಹಗುರವಾಗಿದೆ, ಕೈ ಮಾತ್ರ ಇನ್ನೂ ಥರ್ಮಾಸ್ ಹಿಡಿದ ಹಾಗೇ ಇದೆ.