ಮನೆಗೆ ಕರೆತರುವವರು

ನವೆಂಬರ್ ೯, ಸೋಮವಾರ

ನನ್ನ ಮುದ್ದಿನ ತಂಗಿ,

ನೀನೂ ಮಕ್ಕಳೂ ನೆಮ್ಮದಿಯಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದುಕೋ. ನಾನು ಪೆನ್ನು ಹಿಡಿಯುವಷ್ಟರಲ್ಲಿ ನಿನ್ನ ಭಾವ ಬೀದಿಗಿಳಿದಿರುತ್ತಿದ್ದರು.

ಸಾಮಿಲ್ಲು ಮುಚ್ಚಿದ್ದು ನಿನಗೆ ಗೊತ್ತೇ ಇದೆ. ಸೈರನ್ ಇಲ್ಲದ ಬೆಳಗಿಗೆ ಊರೆಲ್ಲ ಒಗ್ಗಿಕೊಂಡಿತು, ಇವರೊಬ್ಬರು ಒಗ್ಗಲಿಲ್ಲ. ಮರೆವು ಎಲ್ಲವನ್ನೂ ಒರೆಸಿಹಾಕಿದ ಮೇಲೆ ಉಳಿದದ್ದು ಅದೊಂದೇ, ಕೆಲಸಕ್ಕೆ ಹೊತ್ತಾಯಿತು ಎನ್ನುವುದು. ಎದ್ದವರೇ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಹೊರಡುತ್ತಾರೆ. ಮಿಲ್ಲಿನ ಗೇಟಿಗೆ ಬೀಗ ಕಂಡರೆ, ಹಿಂದೆ ದಿಮ್ಮಿ ಎಳೆದು ತರುತ್ತಿದ್ದ ದಾರಿ ಹಿಡಿದು ಕಾಡಿಗೆ ಇಳಿಯುತ್ತಾರೆ. ಆ ದಾರಿ ಈಗ ಪೊದೆ ಬೆಳೆದು ಮುಚ್ಚಿಹೋಗಿದೆ.

ಇಷ್ಟು ದಿನ ಅವರನ್ನು ಕಾದದ್ದು ನಾನಲ್ಲ, ಊರು. ಇದು ಎಂಥ ಊರು ಗೊತ್ತಲ್ಲ, ಒಬ್ಬರ ಮನೆಯಲ್ಲಿ ಹಾಲು ಉಕ್ಕಿದರೆ ಬೀದಿಯ ಕೊನೆಯವರು ‘ಒಲೆ ಆರಿಸ್ರೀ’ ಎಂದು ಕೂಗುತ್ತಾರೆ. ಮೊದಲು ಅದಕ್ಕೇ ನನಗೆ ಸಿಟ್ಟು. ಆಮೇಲೆ ಅದೇ ಆಸರೆಯಾಯಿತು. ಬೇಕರಿಯಮ್ಮ ‘ಗರಗಸದಣ್ಣಾ, ಬನ್ನು ಬಿಸಿ ಇದೆ ಬನ್ನಿ’ ಎಂದು ಕೂರಿಸಿಕೊಳ್ಳುತ್ತಿದ್ದಳು. ಅವಳ ಕಣ್ಣು ತಪ್ಪಿಸಿದರೆ ಕಟಿಂಗ್ ಶಾಪಿನವನ ಕನ್ನಡಿಗೆ ಸಿಕ್ಕಿಬೀಳುತ್ತಿದ್ದರು. ಅವನು ನುಣ್ಣಗಿದ್ದ ಕೆನ್ನೆಗೇ ಮತ್ತೆ ನೊರೆ ಹಚ್ಚಿ, ನಾನು ಬರುವವರೆಗೂ ಕತ್ತಿ ಮಸೆಯುತ್ತಾ ಕಥೆ ಹೇಳುತ್ತಿದ್ದ.

ಮಿಲ್ಲಿಲ್ಲದ ಊರು ಈಗ ಖಾಲಿಯಾಗುತ್ತಿದೆ. ಬೇಕರಿಯಮ್ಮ ಹೋದ ತಿಂಗಳೇ ಮಗಳ ಊರಿಗೆ ಹೋದಳು. ಹತ್ತುವವರಿಲ್ಲ ಎಂದು ಬಸ್ಸೂ ನಿಂತಿದೆ. ನಮ್ಮ ಬೀದಿಯಲ್ಲಿ ದೀಪ ಹತ್ತುವ ಮನೆ ನಮ್ಮದೊಂದೇ. ನಿನ್ನೆ ಕಟಿಂಗ್ ಶಾಪಿನವನೂ ಕುರ್ಚಿಯ ಮೊಳೆ ಕೀಳುತ್ತಿದ್ದ. ‘ನೀನೂನಾ?’ ಎಂದೆ. ‘ಯಾರ ತಲೆ ಬೋಳಿಸಲಿ ಅಕ್ಕಾ? ಊರಲ್ಲಿ ತಲೆಗಳೇ ಉಳಿದಿಲ್ಲ’ ಎಂದು ನಗಿಸಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ. ಶುಕ್ರವಾರ ಅವನ ಲಾರಿ ಹೊರಡುತ್ತದೆ.

ನಮ್ಮಲ್ಲಿಗೆ ಬಂದುಬಿಡಿ ಎಂದು ಬರೆದಿದ್ದೀಯ. ಪ್ರಯತ್ನ ಮಾಡಿದೆ, ತಂಗಿ. ಪಕ್ಕದ ಮನೆಯವರು ಸಾಮಾನು ಸಾಗಿಸುವಾಗ ನಮ್ಮೆರಡು ಪೆಟ್ಟಿಗೆಯನ್ನೂ ಹಾಕಿ ಇವರನ್ನು ಹತ್ತಿಸಿಕೊಂಡೆ. ಲಾರಿ ಮಿಲ್ಲು ದಾಟುತ್ತಿದ್ದ ಹಾಗೆ ಬಾಗಿಲು ತೆಗೆದು ಧುಮುಕಲು ಹೋದರು. ‘ಗರಗಸ ಓಡ್ತಾ ಇದೆ ಕಣೇ, ಹುಡುಗರ ಕೈ ಹೋಗುತ್ತೆ, ನಿಲ್ಸಿ ಬರ್ತೀನಿ ಬಿಡೇ!’ ಎಂದು ಅತ್ತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ಕಂಡಿರಲಿಲ್ಲ. ಇಳಿಸಿಕೊಂಡು ಬಂದೆ. ಬೀಗ ಹಾಕಿ ನೋಡಿದೆ, ಹಣೆ ಒಡೆಯುವವರೆಗೂ ಬಾಗಿಲಿಗೆ ಚಚ್ಚಿಕೊಂಡರು. ಹೋಗುವಂತಿಲ್ಲ, ಇರುವಂತಿಲ್ಲ. ನಿದ್ದೆ ಎನ್ನುವುದೇ ಇಲ್ಲ.

ನೀನು ಬಾ. ನಾಲ್ಕು ದಿನಕ್ಕಾದರೂ ಸರಿ. ಗಂಡನನ್ನು ಕೇಳು, ಬೇಡ ಎಂದರೆ ಜಗಳವಾಡಿಯಾದರೂ ಬಾ.

ಮಕ್ಕಳ ತಲೆ ಸವರಿದೆ ಎಂದು ಹೇಳು. ನನ್ನ ಪಾಲಿನ ನೆಮ್ಮದಿಯೂ ನಿನಗೇ ಸೇರಲಿ, ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ

ತಾ.ಕ. ಬರೆದದ್ದನ್ನು ಓದಿ ನೋಡಿದೆ. ಹೇಳಬೇಕಾದ ಮಾತನ್ನೇ ಬರೆದಿಲ್ಲ. ಗುರುವಾರ ಅವರು ಚಿಲಕ ತೆಗೆದಾಗ ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಕರೆಯಲಿಲ್ಲ. ಹೋಗಲಿ ಅನ್ನಿಸಿತು ಕಣೇ, ಹೋಗಿಯೇಬಿಡಲಿ ಅನ್ನಿಸಿತು. ಬುದ್ಧಿ ಬಂದು ಓಡುವಷ್ಟರಲ್ಲಿ ಬೀದಿ ಖಾಲಿ. ಸಂಜೆಗೆ ಕಟಿಂಗ್ ಶಾಪಿನವನು ಕಾಡಿನಿಂದ ಕೈಹಿಡಿದು ಕರೆತಂದ. ನಿನ್ನ ಭಾವನ ಮೈಯೆಲ್ಲ ಮುಳ್ಳಿನ ಗೀರು. ಅವನು ನನ್ನ ಮುಖ ನೋಡದೆ ಹೇಳಿದ, ‘ಅಕ್ಕಾ, ದಾರಿ ಪೂರ್ತಿ ಅಣ್ಣಂದು ಒಂದೇ ಮಾತು. ಅವಳು ನೋಡ್ತಾ ಇದ್ದಳು, ಕರೀಲಿಲ್ಲ ಅಂತ.’

ನನ್ನ ಹೆಸರು ಮರೆತಿದ್ದಾರೆ. ಇದನ್ನು ಮರೆತಿಲ್ಲ. ಈಗ ಹೊರಡುವ ಮೊದಲು ಚಿಲಕದ ಮೇಲೆ ಕೈಯಿಟ್ಟು, ತಿರುಗಿ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾರೆ.